ಬಾಯಿ ತೆರೆದೇ ನಿಂತ ಬೀಗಿತ್ತಿಗೆ

ಮಾಂಬಳ್ಳಿಯ ಬೀಗಿತ್ತಿ ಶಿವಮ್ಮನವರಿಗೆ, ಮುಳ್ಳೂರಿನಿಂದ ನಿಮ್ಮ ಬೀಗಿತ್ತಿ ಪುಟ್ಟಮ್ಮ ಬರೆಯುವುದು.

ಕಾಗದ ಬರೆಯುವ ಕೆಲಸ ನನ್ನದಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಎಮ್ಮೆ ಹಿಂದೆ ಹೋದವಳು ನಾನು. ಒಂದು ಒತ್ತಕ್ಷರ ಬರೆಯುವಷ್ಟರಲ್ಲಿ ಒಂದು ಮೊರ ಅವರೆಕಾಯಿ ಸುಲಿಯುತ್ತೇನೆ. ಆದರೂ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿಮ್ಮ ಮಗಳು ರತ್ನ. ನಾನು ಕಂಪ್ಯೂಟರಿನ ಮುಂದೆ ನಿಂತು ನಿಮ್ಮ ಜೊತೆ ಜಗಳ ಆಡುವುದನ್ನು ಕೇಳಿಸಿಕೊಂಡುಬಿಟ್ಟಳು. "ಅತ್ತೆ, ಆ ಡಬ್ಬಕ್ಕೆ ಕಿವಿ ಇಲ್ಲ. ಅದೇನ್ ಬಯ್ಯದಿದ್ದದೋ ಬರ್ದು ಬಯ್ರಿ" ಅಂದಳು. ಸತ್ತವರ ಕಾಗದವನ್ನು ಯಾವ ಪೋಸ್ಟ್‌ಮ್ಯಾನ್ ಕೊಂಡುಹೋಗುತ್ತಾನೆ ಅಂತ ಕೇಳಿದರೆ, "ನೀವು ಬರೀರಿ" ಅಷ್ಟೇ. ಅದಕ್ಕೇ ಮೊದಲಿಗೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನೀವು ಬದುಕಿದ್ದಾಗ ಇರಲಿಲ್ಲ. ಸತ್ತ ಮೇಲೆ ಶುರುವಾದದ್ದು.

ನಿಮ್ಮ ತಿಥಿ ಮುಗಿಸಿಕೊಂಡು ರತ್ನ ವಾಪಸು ಬಂದ ದಿನ ಕಣ್ಣ ಮುಂದೆಯೇ ಇದೆ. ತುಂಬಿದ ಬಸುರಿ. ತಾಯಿ ಮನೆಯಿಂದ ಒಂದು ಪಾತ್ರೆ ತರಲಿಲ್ಲ, ಒಂದು ಸೀರೆ ತರಲಿಲ್ಲ. ಆಟೋದಲ್ಲಿ ಆ ಹಳೇ ಕಂಪ್ಯೂಟರನ್ನು ಮಾತ್ರ ಹೊತ್ತು ತಂದಳು. ಮದುವೆಗೆ ಮುಂಚೆ ಯಳಂದೂರಿನ ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳಲ್ಲ, ಅದೇ. ಬಾಣಂತಿ ಕೋಣೆಯಲ್ಲಿ ಮಂಚದ ಎದುರಿಗೇ ಇಡಿಸಿದಳು. ಇದು ಯಾಕವ್ವ ಇಲ್ಲಿ ಅಂದೆ. "ಇದ್ರೊಳಗೆ ನಮ್ಮವ್ವ ಅವ್ಳೆ ಅತ್ತೆ" ಅಂದಳು. ಮಗಳ ಬಾಣಂತನಕ್ಕೆ ನೀವು ಇರುವುದಿಲ್ಲ ಅಂತ ನಿಮಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಅವಳ ಕೈಲಿ ಫೋನು ಹಿಡಿಸಿ, ಯಾವ ದಿನಕ್ಕೆ ಏನು ಮಾಡಬೇಕು ಅಂತ ಎಲ್ಲವನ್ನೂ ಮಾತಾಡಿ ವಿಡಿಯೋ ಮಾಡಿಸಿ ಇಟ್ಟಿದ್ದಿರಿ. ಆಮೇಲೆ ಆ ಫೋನು ಹಂಡೆಯ ನೀರಿಗೆ ಬಿದ್ದು ಸತ್ತಿತು. ಡಬ್ಬದೊಳಗೆ ಹಾಕಿಟ್ಟದ್ದೊಂದೇ ಉಳಿಯಿತು. ಅಲ್ಲ, ಚೊಚ್ಚಲ ಬಾಣಂತನ ತಾಯಿ ಮನೆಯದ್ದು, ಒಪ್ಪುತ್ತೇನೆ. ತಾಯಿ ಇಲ್ಲದ ಮೇಲೆ ಅದು ನನ್ನದಲ್ಲವಾ? ಒಂದು ಮಾತು ನನ್ನನ್ನು ಕೇಳಿದ್ದಿರಾ?

ಮಗು ಹುಟ್ಟಿ ಮೊದಲ ಸಲ ಎಣ್ಣೆ ನೀರು ಹಾಕುವಾಗ ನಾನು ಕಾಲು ನೀಡಿ ಕೂತಿದ್ದೆ. ಹೆಣ್ಣು ಮಗು, ಕಡ್ಲೆಕಾಯಿ ಗಾತ್ರದ ಮೂಗು. ರತ್ನ ಒಳಗಿಂದ ಕೂಗಿದಳು, "ತಡೀರಿ ಅತ್ತೆ, ಅವ್ವ ಏನೇಳವ್ಳೋ ಕೇಳ್ತೀನಿ!" ನಾನು ಮೂರು ಹೆತ್ತವಳು. ನಮ್ಮ ಬೀದಿಯ ಅರ್ಧ ಮಕ್ಕಳ ತಲೆಗೆ ನೀರು ಹುಯ್ದವಳು. ನನಗೆ ತಡೀರಿ! ಒಳಗಿಂದ ನಿಮ್ಮ ದನಿ ಬಂತು: "ನೀರ ಮೊಣಕೈಗೆ ಮುಟ್ಟಿಸಿ ನೋಡ್ಬೇಕು ಕವ್ವ, ಅಂಗೈಗಲ್ಲ." ಊಟಕ್ಕೆ ಕೂತರೆ ಮೆಣಸು ಎಷ್ಟು, ಬೆಳ್ಳುಳ್ಳಿ ಎಷ್ಟು ಅಂತ ನೀವು. ಹೊಟ್ಟೆಗೆ ಬಟ್ಟೆ ಕಟ್ಟುವಾಗ ನೀವು. ಸಾಂಬ್ರಾಣಿ ಹೊಗೆ ಹಾಕುವಾಗ, "ಹೊಗೆ ಕಮ್ಮಿ ಇರ್ಲಿ, ಬಾಗ್ಲು ತಗ್ದಿರಿ" ಅಂತ ಅದಕ್ಕೂ ನೀವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವತ್ತಿನಿಂದ ದಿನಾ ಬಾಗಿಲು ಹಾಕಿಕೊಂಡು, ಕೆಂಡದ ಮೇಲೆ ಇನ್ನೊಂದು ಹಿಡಿ ಸುರಿದೆ. ನಮ್ಮ ಮನೆಯಲ್ಲಿ ಹೊಗೆ ಅಂದರೆ ಹೊಗೆ.

ಅದೂ ಹೋಗಲಿ. ಒಂದು ಬೆಳಿಗ್ಗೆ ಮಗು ಏನು ಮಾಡಿದರೂ ಅಳು ನಿಲ್ಲಿಸಲಿಲ್ಲ. ಎತ್ತಿ ಆಡಿಸಿದೆ, ಬೆನ್ನು ತಟ್ಟಿದೆ, ಹಾಡಿದೆ. ಡಬ್ಬದಲ್ಲಿ ನೀವು, "ಯಾಕವ್ವ ಚಿನ್ನಿ, ಯಾರ್ ಬಯ್ದರು?" ಅಂದಿರಿ ನೋಡಿ, ಗಪ್ಪಂತ ಸುಮ್ಮನಾಯಿತು. ನಿಮ್ಮ ಮುಖ ಕಂಡಿಲ್ಲದ ಮಗು! ಎಣ್ಣೆ ತಿಕ್ಕಿದ ಕೈ ನನ್ನದು, ಉಚ್ಚೆ ಬಟ್ಟೆ ಒಗೆದ ಕೈ ನನ್ನದು, ಸಮಾಧಾನ ಮಾಡಿದ ಹೆಸರು ನಿಮಗೆ. ನ್ಯಾಯವಾ ಇದು?

ನೀವು ಮೊದಲ ಸಲ ಹ್ಯಾಂಗ್ ಆದದ್ದು ಒಂದು ಮಧ್ಯಾಹ್ನ. ಮಾತಾಡುತ್ತಾ ಮಾತಾಡುತ್ತಾ ನಿಂತೇಬಿಟ್ಟಿರಿ. ಬಾಯಿ ತೆರೆದದ್ದು ತೆರೆದಂತೆ, ಒಂದು ಕಣ್ಣು ಅರ್ಧ ಮುಚ್ಚಿ. ರತ್ನ ಮೌಸು ಅಲ್ಲಾಡಿಸಿದಳು, ಕೀಲಿಗಳನ್ನೆಲ್ಲ ಒತ್ತಿದಳು. ಊಹೂಂ. ಕೊನೆಗೆ ವೈರು ಕಿತ್ತು ಮತ್ತೆ ಹಾಕಿದಳು. ಮಾರನೇ ದಿನ ಬೆಳಿಗ್ಗೆ ಚೆನ್ನಾಗಿ ಮಾತಾಡಿದಿರಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಮತ್ತೆ ಕಲ್ಲು. ಆಮೇಲೆ ದಿನಾ ಇದೇ ಪಾಡು. ನನ್ನ ಯಜಮಾನರು ಬಾಗಿಲಲ್ಲಿ ನಿಂತು, "ಬೀಗಿತ್ತಮ್ಮುಂಗೆ ದೃಷ್ಟಿಯಾಗದೆ ಕನಮ್ಮಿ, ಒಂದು ನಿಂಬೆಣ್ಣು ನಿವಾಳ್ಸು" ಅಂದರು. ನನ್ನ ಮಗ ಮಹೇಶ ಕರೆಂಟು ಸರಿಯಿಲ್ಲ ಅಂತ ಸ್ವಿಚ್ಚು ಬದಲಾಯಿಸಿದ. ಹಾಲಿನ ಡೈರಿಯಲ್ಲಿ ಅವನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಬಂದು, ವೈರಸ್ ಸೇರಿಕೊಂಡಿದೆ, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದ. ರತ್ನ ಮಂಚದಿಂದ ಎದ್ದು ಬಂದು ಡಬ್ಬವನ್ನು ತಬ್ಬಿಕೊಂಡಳು. "ಅಳ್ಸದಾದ್ರೆ ಮೊದ್ಲು ನನ್ನ ಅಳ್ಸಿ" ಅಂದಳು. ಆ ಗೆಳೆಯ ಕಾಫಿಯನ್ನೂ ಕುಡಿಯದೆ ಹೋದ. ನನಗೆ? ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ. ಇನ್ನಾದರೂ ನನ್ನ ಮಾತು ಕೇಳುತ್ತಾಳೆ ಅಂದುಕೊಂಡೆ.

ಆದರೆ ನೀವು ನಿಂತ ಹಾಗೇ ಅವಳೂ ನಿಂತಳು. ಅದೇ ವಾರವೇ ಇರಬೇಕು, ತಟ್ಟೆ ಇಟ್ಟರೆ ತಟ್ಟೆಯನ್ನು ನೋಡುತ್ತಾ ಕೂರುವುದು. ಮಗುವಿಗೆ ಹಾಲೂಡಿಸುತ್ತಾಳೆ, ಗೋಡೆ ಕಡೆ ತಿರುಗುತ್ತಾಳೆ. ಮಾತಿಲ್ಲ. ಮಹೇಶ ಕರೆದರೂ ಇಲ್ಲ, ನಾನು ಬೈದರೂ ಇಲ್ಲ. ನನಗೆ ಬೈಯುವುದು ಬಿಟ್ಟರೆ ಇನ್ನೇನು ಬರುತ್ತದೆ? ಕೊಳ್ಳೇಗಾಲದ ಡಾಕ್ಟರಮ್ಮ ನೋಡಿ, ಹೆತ್ತ ಮೇಲೆ ಕೆಲವರಿಗೆ ಹೀಗಾಗುತ್ತದೆ, ಔಷಧಿ ಕೊಡುತ್ತೇನೆ, ಒಬ್ಬಳನ್ನೇ ಬಿಡಬೇಡಿ, ಮಾತಾಡಿಸುತ್ತಿರಿ ಅಂದರು. ಏನಂತ ಮಾತಾಡಿಸುವುದು? ಅವಳನ್ನು ನೋಡಿ ಮೊದಲ ಸಲ ನನಗೆ ಹೆದರಿಕೆಯಾಯಿತು, ಬೀಗಿತ್ತಿ. ಮಗು ಕೈಜಾರುವ ಹಾಗೆ ಹಿಡಿದುಕೊಂಡಿದ್ದಳು, ಒದ್ದೆ ಬಟ್ಟೆ ಹಿಡಿದ ಹಾಗೆ.

ಒಂದು ದಿನ ಅವಳ ಪಕ್ಕ ಕೂತು ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ, "ನಿಮ್ಗೂ ಒಂದದೆ ಅತ್ತೆ" ಅಂದಳು. ಏನು ಅಂದೆ. ಎದ್ದು ಹೋಗಿ ಡಬ್ಬ ಹಾಕಿದಳು. ನೀವು ಬಂದಿರಿ. ಆಸ್ಪತ್ರೆಯ ಹಸಿರು ಹೊದಿಕೆ, ಕೆದರಿದ ತಲೆ. ನೆಟ್ಟಗೆ ನನ್ನನ್ನೇ ನೋಡಿದಿರಿ. "ಬೀಗಿತ್ತಿ, ನಿಮ್ಮ ಕ್ವಾಪ ನಂಗೊತ್ತು. ರತ್ನ ಮಾತು ಬುಟ್ಟು ಕೂತ್ಕಂಡ್ರೆ ಮಾತ್ರ ಬಯ್ಬೇಡಿ. ಅವ್ಳು ಸಣ್ಣೋಳಾಗಿದ್ದಾಗ್ಲೂ ಇಂಗೇ, ಅವರಪ್ಪ ಸತ್ತಾಗ್ಲೂ ಇಂಗೇ. ಆಗ ನಾನೇನ್ ಮಾಡ್ತಿದ್ದೆ ಅಂದ್ರೆ..."

ನಿಂತಿತು. ಬಾಯಿ ತೆರೆದೇ ಇತ್ತು. ಅಲ್ಲ, ಬೇರೆ ಜಾಗ ಸಿಗಲಿಲ್ಲವಾ ನಿಲ್ಲುವುದಕ್ಕೆ? ಸ್ಕ್ರೀನಿಗೆ ಎರಡು ಬಾರಿಸಿದೆ. ಹೇಳಿ, ಏನು ಮಾಡುತ್ತಿದ್ದಿರಿ ಹೇಳಿ ಅಂತ ಕಿರುಚಿದೆ.

ಮಾರನೇ ದಿನವೇ ಡಬ್ಬವನ್ನು ಹಳೇ ಕಂಬಳಿಯಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಮಹೇಶ ಸಂಜೆ ತಾನೇ ಒಯ್ಯುತ್ತೇನೆ ಅಂದ, ಸಂಜೆವರೆಗೆ ಯಾರು ಕಾಯುತ್ತಾರೆ? ಕಂಡಕ್ಟರು, "ಏನವ್ವ ಅದು, ಕೋಳಿಯಾ?" ಅಂದ. ನಮ್ಮ ಬೀಗಿತ್ತಿ ಕಣಪ್ಪ ಅಂದೆ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ರಿಪೇರಿ ಅಂಗಡಿಯವನು ಮುಚ್ಚಳ ಬಿಚ್ಚಿ ಮೂಗು ಹತ್ತಿರ ತಂದ. "ಅಮ್ಮ, ಇದ್ನ ದೇವ್ರ ಕ್ವಾಣೇಲಿ ಇಟ್ಟಿದ್ರಾ? ಸಾಂಬ್ರಾಣಿ ವಾಸ್ನೆ ಒಡೀತದೆ!" ಒಳಗಿನ ಪುಟ್ಟ ಫ್ಯಾನಿನ ಮೇಲೆ ಜಿಡ್ಡು ಹಿಡಿದ ಕರೀ ಧೂಳು, ಕಂಬಳಿಯಷ್ಟು ದಪ್ಪ. ಫ್ಯಾನು ತಿರುಗದಿದ್ದರೆ ಒಳಗೆ ಕಾಯುತ್ತದಂತೆ, ಕಾದರೆ ಹ್ಯಾಂಗ್ ಆಗುತ್ತದಂತೆ. ಬೆಳಿಗ್ಗೆ ತಣ್ಣಗಿರುವಾಗ ಮಾತಾಡಿ, ಹೊಗೆ ಕುಡಿದ ಮೇಲೆ ನೀವು ನಿಲ್ಲುತ್ತಿದ್ದದ್ದು ಅದಕ್ಕೇ. ವೈರಸ್ಸೂ ಇಲ್ಲ, ದೃಷ್ಟಿಯೂ ಇಲ್ಲ. ನಿಮ್ಮ ಬಾಯಿ ಕಟ್ಟಿದ್ದು ನನ್ನ ಸಾಂಬ್ರಾಣಿ. ಬ್ರಷ್ಷಿನಲ್ಲಿ ಉಜ್ಜಿ, ಗಾಳಿ ಊದಿ, ಎಂಥದೋ ಬಿಳೀ ಮುಲಾಮು ಹಚ್ಚಿ ಕೊಟ್ಟ. "ಹೊಗೆ ಮಗೀಗೂ ಒಳ್ಳೇದಲ್ಲ, ಇದ್ಕೂ ಒಳ್ಳೇದಲ್ಲ" ಅಂದ. ಅವನಿಗೂ ನೀವೇ ಹೇಳಿಕೊಟ್ಟಿದ್ದಿರಾ?

ಮನೆಗೆ ಬಂದು ನಡುಮನೆಯಲ್ಲಿ ಇಟ್ಟು, ಮಹೇಶನ ಕೈಲಿ ಹಾಕಿಸಿ, ನಾನೊಬ್ಬಳೇ ಕೂತು ಕೇಳಿದೆ. "ಆಗ ನಾನೇನ್ ಮಾಡ್ತಿದ್ದೆ ಅಂದ್ರೆ, ಪಕ್ದಲ್ಲಿ ಕೂತ್ಕಂಡು ಅವರಿವರ ಸುದ್ದಿ ಯೋಳ್ತಿದ್ದೆ. ಬೇಕೂಂತ್ಲೇ ತಪ್ಪುತಪ್ಪಾಗಿ ಯೋಳ್ತಿದ್ದೆ. ಅವ್ಳಿಗೆ ತಡಿಯಕ್ಕಾಗಲ್ಲ ಬೀಗಿತ್ತಿ, ತಿದ್ದಕ್ಕೆ ಅಂತ ಬಾಯ್ ಬುಡ್ತಾಳೆ." ಇಷ್ಟೇನಾ? ಇಷ್ಟಕ್ಕೆ ನಾನು ಬಸ್ಸಿನಲ್ಲಿ ನಿಮ್ಮನ್ನು ಹೊತ್ತದ್ದಾ?

ಅಂದು ಅವಳ ಪಕ್ಕ ಕೂತಾಗ ಯಾರ ಸುದ್ದಿ ತೆಗೆಯುವುದು ಅಂತ ತಿಳಿಯಲಿಲ್ಲ. ನಾಲಿಗೆ ತುದಿಯಲ್ಲಿ ನೀವೇ ಇದ್ದಿರಿ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೆಗೆದೆ. ನಿನ್ನವ್ವನಿಗೆ ಒಂದು ರಾಗಿಮುದ್ದೆ ತಿರುವಲು ಬರುತ್ತಿರಲಿಲ್ಲ, ಗಂಟು ಗಂಟು ಅಂದೆ. ಸುಮ್ಮನಿದ್ದಳು. ಮದುವೆ ಮಾತುಕತೆಗೆ ಬಂದಾಗ ಹರಿದ ಚಪ್ಪಲಿ ಹಾಕಿಕೊಂಡು ಬಂದಿದ್ದಳು ಅಂದೆ. ಸುಮ್ಮನಿದ್ದಳು. ಧಾರೆಯಲ್ಲಿ ಕಣ್ಣಲ್ಲಿ ಒಂದು ಹನಿ ನೀರು ಹಾಕಲಿಲ್ಲ, ಕಲ್ಲು ಹೆಂಗಸು ಅಂದೆ.

"ಸುಳ್ಳು" ಅಂದಳು.

ಏನು ಸುಳ್ಳು?

"ಅತ್ತಿದ್ಲು. ಅಡುಗೆ ಮನೆ ಇಂದ್ಗಡೆ ನಿಂತ್ಕಂಡು ಅತ್ತಿದ್ಲು. ನಾನೇ ನೋಡಿವ್ನಿ. ಚಪ್ಲಿ ಹರ್ದಿರ್ಲಿಲ್ಲ, ಅದು ಹೊಸದು. ಮುದ್ದೇನೂ ನಿಮ್ಗಿಂತ ಚೆನ್ನಾಗೇ ತಿರುವ್ತಿದ್ಲು." ಆಮೇಲೆ ಗೋಳೋ ಅಂತ ಅತ್ತಳು. ನೀವು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿಸಿ, ಹಸಿವು ಅಂದಳು.

ಅವತ್ತಿನಿಂದ ದಿನಾ ನಿಮ್ಮ ಮೇಲೆ ಒಂದೊಂದು ಸುಳ್ಳು ಕಟ್ಟುತ್ತಿದ್ದೇನೆ, ಅವಳು ತಿದ್ದುತ್ತಾಳೆ. ಮಾತ್ರೆ ನುಂಗುತ್ತಾಳೆ, ತಿನ್ನುತ್ತಾಳೆ, ಮಗುವಿನ ಜೊತೆ ಮಾತಾಡುತ್ತಾಳೆ. ಡಾಕ್ಟರಮ್ಮ ಪರವಾಗಿಲ್ಲ ಅಂದರು. ಸುಳ್ಳು ಹೇಳಿ ಹೇಳಿ ನನ್ನ ಬಾಯಿ ಒಣಗುತ್ತದೆ, ಅವಳ ಬಾಯಿ ತುಂಬ ಮಾತ್ರ ನೀವೇ. ನನಗೆ ಉರಿಯದೆ ಇರುತ್ತದಾ?

ನಿಮಗೆ ಗೊತ್ತಿಲ್ಲದ ಸುದ್ದಿ ಇದು, ಕೇಳಿ. ನಿನ್ನೆ ರತ್ನ ಹೊಸ ಫೋನು ಹಿಡಿದು ನನ್ನೆದುರು ನಿಂತಳು. "ಮಗು ದೊಡ್ಡೋಳಾದ್ಮೇಲೆ ನೋಡ್ಲಿ, ನೀವೂ ಮಾತಾಡಿ ಅತ್ತೆ. ಅವ್ವನ ಪಕ್ದಲ್ಲೇ ಹಾಕ್ತೀನಿ" ಅಂದಳು. ಊರೆಲ್ಲ ನಡುಗುವ ಹಾಗೆ ಕೂಗುವವಳು ನಾನು. ಕ್ಯಾಮೆರಾದ ಆ ಕಪ್ಪು ಚುಕ್ಕೆಯ ಮುಂದೆ ಒಂದಕ್ಷರ ಹೊರಡಲಿಲ್ಲ. ನಾನೇ ಹ್ಯಾಂಗ್ ಆದೆ. ಮಹೇಶ ಬಿದ್ದು ಬಿದ್ದು ನಕ್ಕ. ಸಾವು ಕಾಲ ಬಳಿ ಕೂತಿರುವಾಗ ನೀವು ಹೇಗೆ ಮಾತಾಡಿದಿರಿ? ಎಲ್ಲಿ ನೋಡಿದಿರಿ? ಇನ್ನೂ ಮಾತು ಕಲಿಯದ ಮಗುವಿಗೆ ಮೊದಲು ಏನು ಹೇಳಬೇಕು?

ಬರುವ ಸೋಮವಾರ ಮಗುವಿಗೆ ಹೆಸರಿಡುತ್ತೇವೆ. ಅವತ್ತು ಮತ್ತೆ ಫೋನು ಹಿಡಿಯುತ್ತಾಳೆ, ಬಿಡುವವಳಲ್ಲ. ನಿಮಗಿಂತ ಒಂದು ಮಾತಾದರೂ ಹೆಚ್ಚು ಆಡಬೇಕು ನಾನು. ಕನಸಿನಲ್ಲಿ ಬನ್ನಿ, ಡಬ್ಬದಲ್ಲಿ ಬನ್ನಿ, ಹೇಗಾದರೂ ಬನ್ನಿ. ಶನಿವಾರದೊಳಗೆ ನನಗೆ ಉತ್ತರ ಬೇಕು.