ಎಡಗಡೆ ಪೈಪಿನ ಎಣ್ಣೆ

ಪುಟ್ಟೇನಹಳ್ಳಿ, ಯಲಹಂಕ
15-10-2024, ಮಂಗಳವಾರ

ಪ್ರೀತಿಯ ಮಗಳು ನಯನಾಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಊಟ ಸೇರುತ್ತಿದೆಯಾ? ಬೆಟ್ಟದ ಕ್ಯಾಂಪಿನಲ್ಲಿ ಚಳಿ ಶುರುವಾಗಿರಬೇಕು, ನಿಮ್ಮಮ್ಮ ಬ್ಯಾಗಿಗೆ ತುರುಕಿದ ಸ್ವೆಟರ್ ಹಾಕಿಕೋ. ಕಾಡು ಕಾಯುವವಳಿಗೆ ಚಳಿಯಾಗಲ್ಲ ಅನ್ನುತ್ತೀಯ, ಕೆಮ್ಮು ಬಂದರೆ ಆ ಕಾಡು ಬಂದು ಕಷಾಯ ಕಾಯಿಸಿ ಕೊಡುತ್ತದಾ? ಇಲ್ಲಿ ನಿನ್ನೆಯಿಂದ ಜಿಟಿಜಿಟಿ ಮಳೆ. ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬನನ್ನು ಬಿಟ್ಟು.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಬೆಟ್ಟದ ತಿರುವಿನಲ್ಲಿ ನೀನು ಗಾಡಿ ಇಳಿಸುತ್ತಿದ್ದೀಯ. ಗಾಡಿ ಹಸು ನೀರಿಗೆ ಬಾಗಿದ ಹಾಗೆ ಮೂತಿ ತಗ್ಗಿಸಿತು. ತಗ್ಗಿಸುತ್ತಲೇ ಹೋಯಿತು, ತಲೆ ಎತ್ತಲೇ ಇಲ್ಲ. ನಾನು ಕೂಗಿಕೊಂಡು ಎದ್ದೆ. ನಿಮ್ಮಮ್ಮ ಮಗ್ಗುಲು ಬದಲಿಸಿ, "ಗ್ಯಾಸು, ಜೀರಿಗೆ ನೀರು ಕುಡಿರಿ" ಅಂದಳು. ಗ್ಯಾಸ್ ಅಲ್ಲ ಕಣಮ್ಮ. ಕಾರಣ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು.

ಆಯುಧಪೂಜೆಯ ಹಿಂದಿನ ದಿನ ನೀನು ಬಂದವಳೇ ಮಲಗಿಬಿಟ್ಟೆಯಲ್ಲ, ಆಗ ನಿನ್ನ ಬೈಕಿನ ಮುಂದಿನ ಫೋರ್ಕಿನ ಎಣ್ಣೆ ಬದಲಾಯಿಸಿದವನು ನಾನು. ರಸ್ತೆ ಹಂಪಿನ ಮೇಲೆ ಲೊಡಲೊಡ ಅನ್ನುತ್ತಿತ್ತು. ಮುಂದಿನ ಚಕ್ರದ ಎರಡೂ ಪಕ್ಕದ ಪೈಪಿನೊಳಗೆ ಎಣ್ಣೆ ಇರುತ್ತದೆ, ಗುಂಡಿಗೆ ಬಿದ್ದಾಗ ಗಾಡಿಯನ್ನು ತಡೆದು ಹಿಡಿಯುವುದು ಅದೇ. ಗ್ಯಾರೇಜಿನಲ್ಲೆಲ್ಲ ಹಬ್ಬದ ರಶ್ಶು. ನಮ್ಮ ಗಾಡಿಯೇ ತಾನೇ, ಮನೆಯಲ್ಲೇ ಮಾಡೋಣ ಅಂತ ಕೂತೆ. ಅಳತೆಗೆ ನಿಮ್ಮಕ್ಕನ ಮಗುವಿನ ಹಳೇ ಹಾಲಿನ ಬಾಟಲಿ ತೆಗೆದುಕೊಂಡೆ, ಅದರ ಮೇಲೆ ಗೆರೆಗಳಿವೆ. ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ವಿಜಯಪುರದ ಕಾಶಿನಾಥ ಮೆಟ್ಟಿಲ ಮೇಲೆ ಕೂತು, "ಏನ್ರೀ ಮಾವಾರ, ಗಾಡಿಗೆ ಬಾಣಂತನ ನಡಸೀರೇನು? ಜೋಗುಳ ಹಾಡೋದೊಂದ್ ಬಾಕಿ ಐತಿ ನೋಡ್ರಿ" ಅಂತ ನಗಾಡಿದ. ಹಳೇ ಎಣ್ಣೆ ಕಪ್ಪಗೆ, ಮೀನಿನ ವಾಸನೆ. ನಿಮ್ಮಮ್ಮ ಮೂಗು ಮುಚ್ಚಿಕೊಂಡು, "ಆ ಬಾಟ್ಲಿ ಇನ್ನ ಒಳಕ್ ತಂದ್ರೆ ನಾನ್ ಈಚೆ ಓಯ್ತೀನಿ" ಅಂದಳು.

ತಪ್ಪಾಗಿದ್ದು ಇಲ್ಲಿ. ಬಲಗಡೆ ಪೈಪಿನಿಂದ ಇಳಿದ ಎಣ್ಣೆ ಬಾಟಲಿಯಲ್ಲಿ ಮೇಲಿನ ಗೆರೆ ಮುಟ್ಟಿತು. ಎಡಗಡೆಯದು ಅದಕ್ಕಿಂತ ತುಂಬಾ ಕೆಳಗೇ ನಿಂತಿತು. ನನಗೆ ಅನುಮಾನವೇ ಬರಲಿಲ್ಲ. ಇಷ್ಟು ವರ್ಷ ಹಸು ಕರೆದ ಕೈ ಇದು. ನಾಲ್ಕು ಮೊಲೆಯಲ್ಲೂ ಒಂದೇ ಸಮ ಹಾಲು ಬರುತ್ತದಾ? ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ. ಗಾಡಿಗೂ ಹಾಗೇ ಇರುತ್ತದೆ ಅಂದುಕೊಂಡು, ಎಷ್ಟು ಬಂತೋ ಅಷ್ಟೇ ಹೊಸ ಎಣ್ಣೆ ಅಳೆದು ಹಾಕಿದೆ. ಬಲಕ್ಕೆ ಬಲದ್ದು, ಎಡಕ್ಕೆ ಎಡದ್ದು. ಪೂಜೆಯಲ್ಲಿ ಚೆಂಡುಹೂವಿನ ಹಾರ ಹಾಕಿಸಿಕೊಂಡು ಗಾಡಿ ಮದುವಣಗಿತ್ತಿಯ ಹಾಗೆ ನಿಂತಿತ್ತು, ನೀನು ಹತ್ತಿ ಹೊರಟೂ ಹೋದೆ.

ನಿನ್ನೆ ನಿಮ್ಮಮ್ಮ ಅಂಗಳ ತೊಳೆಯುತ್ತಾ, "ಗಾಡಿ ಓದ್ರೂ ಅದ್ರ ಜಿಡ್ಡು ಓಗ್ಲಿಲ್ಲ, ಒಂದ್ ರಂಗೋಲಿ ನಿಲ್ಲಲ್ಲ" ಅಂತ ಗೊಣಗುತ್ತಿದ್ದಳು. ಹೋಗಿ ನೋಡಿದೆ. ಗಾಡಿ ನಿಂತಿದ್ದ ಜಾಗದಲ್ಲಿ ಒಂದೇ ಕಲೆ, ಎಡಗಡೆ ಪೈಪಿನ ನೇರಕ್ಕೆ. ಮೂಸಿದೆ, ಅದೇ ಮೀನಿನ ವಾಸನೆ. ಎಡಗಡೆ ಎಣ್ಣೆ ಕಮ್ಮಿ ಇದ್ದದ್ದು ಸೋರಿ ಹೋಗಿದ್ದಕ್ಕೆ ಕಣಮ್ಮ. ನಾನು ಆ ಕಮ್ಮಿಯನ್ನೇ ಅಳೆದು ಮತ್ತೆ ತುಂಬಿದ್ದೇನೆ. ಅದೂ ಈಗ ಸೋರುತ್ತಿದ್ದರೆ? ಸೋರಿ ಬ್ರೇಕಿಗೆ ಇಳಿದರೆ?

ನಿನ್ನ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ನಿಮ್ಮ ಫಾರೆಸ್ಟ್ ಆಫೀಸಿಗೆ ಫೋನ್ ಮಾಡಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದೀಯ. ಹೋದ ಸಲ ನಿನ್ನ ಜ್ವರ ಕೇಳಲು ಮಾಡಿದ್ದಕ್ಕೆ ಅವರು ವೈರ್‌ಲೆಸ್ಸಿನಲ್ಲಿ, "ನಯನಾ ಮೇಡಂ, ಅಪ್ಪಾಜಿ ಕೇಳ್ತಾವ್ರೆ, ಮಾತ್ರೆ ತಗೊಂಡ್ರಾ, ಓವರ್" ಅಂದರಂತೆ, ಎಲ್ಲಾ ಕ್ಯಾಂಪಿಗೂ ಕೇಳಿಸಿತಂತೆ. ಅದಕ್ಕೇ ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ಪೆನ್ನು ಹಿಡಿದಿದ್ದೇನೆ. ಸ್ಪೀಡ್ ಪೋಸ್ಟಿಗೆ ಹಾಕಿದರೆ ನಿಮ್ಮ ರೇಷನ್ ಜೀಪಿನಲ್ಲಿ ಮೇಲೆ ಬರುತ್ತದೆ. ಶನಿವಾರ ಸಂತೆಗೆ ಗಾಡಿ ಇಳಿಸುವ ಮೊದಲು ಎಡಗಡೆ ಪೈಪಿನ ಮೇಲೆ ಬೆರಳಾಡಿಸು. ಜಿಡ್ಡು ಹತ್ತಿದರೆ ಗಾಡಿ ಮುಟ್ಟಬೇಡ, ಜೀಪಿನಲ್ಲಿ ಹಾಕಿಸಿಕೊಂಡು ಹೋಗು. ಒಣಗಿದ್ದರೆ ನಿಧಾನಕ್ಕೆ ಇಳಿಸಿ, ಕೆಳಗೆ ಹನೂರಿನ ಗ್ಯಾರೇಜಿನಲ್ಲಿ ಎರಡೂ ಕಡೆ ಸಮಕ್ಕೆ ಎಣ್ಣೆ ಹಾಕಿಸು. ಅಪ್ಪನೇ ಮಾಡಿದ್ದಲ್ವಾ ಅಂತ ನಂಬಿಕೊಂಡು ಕೂರಬೇಡ.

ನಿಮ್ಮಮ್ಮ ನಿನ್ನ ಕ್ಷೇಮ ಕೇಳಿದ್ದಾಳೆ, ಕಾಶಿನಾಥನೂ ಕೇಳಿದ್ದಾನೆ. ಮುನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಚಿಕ್ಕಮುನಿಯಪ್ಪ

ಮರೆತಿದ್ದು: ಕವರ್ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ತಡೆಯಲಾಗಲಿಲ್ಲ, ಆಫೀಸಿಗೆ ಫೋನ್ ಮಾಡಿಬಿಟ್ಟೆ. ಹೆಸರು ಹೇಳಲಿಲ್ಲ, ಯಲಹಂಕದ ಗ್ಯಾರೇಜಿನಿಂದ, ನಯನಾ ಮೇಡಂ ಗಾಡಿಯ ಎಡಗಡೆ ಪೈಪು ಸೋರುತ್ತಿರಬಹುದು ಅಂತ ಗಂಟಲು ದಪ್ಪ ಮಾಡಿಕೊಂಡು ಹೇಳಿದೆ. ಆ ಕಡೆಯವನು, "ಮಾತ್ರೆ ಅಪ್ಪಾಜಿ ಅಲ್ವಾ ನೀವು?" ಅಂದ. ವೈರ್‌ಲೆಸ್ಸಿನಲ್ಲಿ ಬೇಡಪ್ಪಾ ಅಂತ ಎಷ್ಟು ಬೇಡಿಕೊಂಡರೂ, "ಎಲ್ರೂ ಕೇಳಿಸ್ಕೊಳ್ಲಿ ಬಿಡಿ, ಅವರವರ ಗಾಡೀನೂ ನೋಡ್ಕೊತಾರೆ" ಅಂತ ನಗುತ್ತಾ ಇಟ್ಟುಬಿಟ್ಟ. ಬೈಯಬೇಕಾದರೆ ಬೈದುಕೋ. ಆದರೆ ನಗುವಿನಲ್ಲಿ ಅವನು ಎಡ ಅಂದನೋ ಬಲ ಅಂದನೋ ಯಾರಿಗೆ ಗೊತ್ತು. ನೀನು ಆಗಲೇ ಒಂದು ಸಲ ನೋಡಿದ್ದರೂ ಇನ್ನೊಂದು ಸಲ ನೋಡು. ಎದುರಿಗೆ ನಿಂತವರ ಎಡಗೈ ಕಡೆ ಅಲ್ಲ, ಗಾಡಿ ಮೇಲೆ ಕೂತವಳ ಎಡಗೈ ಕಡೆ, ಕ್ಲಚ್ ಇರುವ ಕಡೆ.