ಪಂಚಮಿಗೆ ಕದ್ದ ಕಡ್ಡಿ

ತೋಡೂರು,
ತಾ. ೯ ಜೂನ್ ೧೯೩೬

ತೀರ್ಥರೂಪ ಅಪ್ಪನವರ ಪಾದಗಳಿಗೆ ಮಗಳು ಸುಗಂಧಾ ಬೇಡುವ ಆಶೀರ್ವಾದ. ಈ ಸಲ ಅದರ ಜೊತೆಗೆ ಕ್ಷಮೆಯನ್ನೂ ಬೇಡುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಕೂತು ಓದಿ. ಸಿಟ್ಟು ಬಂದರೆ ಬರಲಿ, ಕೊನೆಯವರೆಗೆ ಓದದೆ ಕಾಗದ ಮಾತ್ರ ಹರಿಯಬೇಡಿ.

ಊರಿಂದ ರಾಮಣ್ಣ ಬರೆದ ಕಾಗದ ಮೊನ್ನೆ ಮುಟ್ಟಿತು. ಗಾಳಿಮಳೆಗೆ ನಮ್ಮ ಇಶಾಡು ಮಾವಿನ ಮರ ಬುಡಸಮೇತ ಬಿತ್ತಂತೆ. ನೀವು ಬಿದ್ದ ಮರದ ಮೇಲೆಯೇ ಕೂತು, ಊಟಕ್ಕೆ ಕರೆದರೂ ಏಳುವುದಿಲ್ಲವಂತೆ. “ಮರ ಹೋಯ್ತು, ಮನಿ ಲಕ್ಷ್ಮೀನೂ ಹೋಯ್ತು. ಇನ್ನು ನಾ ಇದ್ದು ಎಂತಾ ಮಾಡೂದು?” ಎನ್ನುತ್ತೀರಂತೆ. ಅದಕ್ಕೇ ಏಳು ವರ್ಷ ಬಚ್ಚಿಟ್ಟ ಮಾತನ್ನು ಇವತ್ತು ಬರೆಯುತ್ತಿದ್ದೇನೆ.

ಅಪ್ಪಾ, ಮರ ಹೋಗಿಲ್ಲ. ನನ್ನ ಹಿತ್ತಿಲಲ್ಲಿದೆ. ನಾನು ಕದ್ದು ತಂದಿದ್ದೇನೆ.

ಮದುವೆಯಾದ ವರ್ಷ ನಿಮ್ಮ ಅಳಿಯ ನನ್ನನ್ನು ಕಾರವಾರ ತೋರಿಸಲು ಕರೆದೊಯ್ದಿದ್ದರು. ಬೆಳಂಬಾರದಲ್ಲಿ ಹುಟ್ಟಿದವಳಿಗೆ ಸಮುದ್ರವೇನು ಹೊಸದೇ? ನಾನು ನಿಂತು ನೋಡಿದ್ದು ಬೇರೆಯದನ್ನು. ಒಂದು ಬಂಗಲೆಯ ತೋಟದಲ್ಲಿ ಬೊಮ್ಮು ಎಂಬ ಮಾಲಿ ಕಾಟುಮಾವಿನ ಸಸಿಗೆ ಒಳ್ಳೆಯ ಮಾವಿನ ಕಡ್ಡಿ ಕೂರಿಸಿ ಬಾಳೆನಾರು ಸುತ್ತುತ್ತಿದ್ದ. ಈ ಕಸಿ ಕಟ್ಟುವುದನ್ನು ನನಗೂ ಕಲಿಸು ಎಂದೆ. “ಕೈ ಹದಾ ಆಗೂಕೆ ಎರಡು ಮಳೆಗಾಲ ಬೇಕು, ಬಾಯಿಯವ್ರೆ” ಎಂದ. ನಾಲ್ಕಾದರೂ ಆಗಲಿ ಎಂದೆ. ನಾಲ್ಕನೇ ಇಯತ್ತೆಗೆ ನನ್ನನ್ನು ಶಾಲೆ ಬಿಡಿಸಿದಾಗ ನೀವು ಅಂದದ್ದು ನೆನಪಿದೆಯೇ? “ಇಂಥಾ ಮರ ಇದ್ದ ಮನಿ ಹುಡುಗಿಗೆ ಕಲಿಯೂದು ಎಂತಕ್ಕೆ?” ಮಾಸ್ತರರು ಮನೆಗೆ ಬಂದು ಕೇಳಿಕೊಂಡರೂ ನೀವು ಬಗ್ಗಲಿಲ್ಲ. ಆವತ್ತು ಅಡಿಗೆಮನೆಯ ಮೂಲೆಯಲ್ಲಿ ಕೂತು ಬಹಳ ಅತ್ತಿದ್ದೆ. ಆ ಸಂಕಟವೇ ನನ್ನನ್ನು ಮತ್ತೆ ಮತ್ತೆ ಬೊಮ್ಮುವಿನ ಎದುರು ಕೂರಿಸಿತು.

“ಕಡ್ಡಿ ಕೊಟ್ರೆ ಲಕ್ಷ್ಮೀನೇ ಕೊಟ್ಟಂಗೆ” ಎನ್ನುತ್ತಿದ್ದವರು ನೀವು. ಹಣ್ಣು ಕೊಟ್ಟ ಮನೆಯಿಂದ ಗೊರಟೆ ವಾಪಸು ತರಿಸುತ್ತಿದ್ದಿರಿ. ನೆರೆಮನೆಯ ಜಟ್ಟಣ್ಣನ ತಾಯಿ ಹಾಸಿಗೆ ಹಿಡಿದಾಗ ಒಂದು ಹಣ್ಣು ಬೇಡಿದ್ದರು. ಕೊಟ್ಟಿರಿ, ಹಿಂದೆಯೇ ಗೊರಟೆ ತರಲು ನನ್ನನ್ನು ಅಟ್ಟಿದಿರಿ. ಹತ್ತು ವರ್ಷದವಳು ನಾನು, ಆ ಮುದುಕಿ ತಿಂದು ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಅವರು ಗೊರಟೆ ತೊಳೆಸಿ ನನ್ನ ಕೈಗಿಟ್ಟು, “ನಿಮ್ಮಪ್ಪಗೆ ಕೊಡು ಮಗಾ, ಬಿತ್ತೂಕೆ ನಾ ಎಲ್ಲಿ ಇರ್ತೆ?” ಎಂದರು. ಆ ನಾಚಿಕೆ ನನ್ನಿಂದ ಇನ್ನೂ ಹೋಗಿಲ್ಲ. ಅಂದಿನಿಂದ ಜಟ್ಟಣ್ಣ ನಮ್ಮ ಅಂಗಳ ತುಳಿಯಲಿಲ್ಲ. ಆದರೂ ಮರ ಬಿದ್ದ ದಿನ ಮನೆಯ ಮಾಡಿನ ಮೇಲೆ ಬಿದ್ದ ಟೊಂಗೆ ಕಡಿದು ತೆಗೆಯಲು ಎಲ್ಲರಿಗಿಂತ ಮೊದಲು ಬಂದವನು ಅವನೇ ಎಂದು ರಾಮಣ್ಣ ಬರೆದಿದ್ದಾನೆ.

ಕದ್ದದ್ದು ಹೀಗೆ. ಪಂಚಮಿಗೆ ತವರಿಗೆ ಬಂದಾಗ, ನೀವು ನಾಗನಿಗೆ ಹಾಲೆರೆಯಲು ಬನಕ್ಕೆ ಹೋದ ಹೊತ್ತಿನಲ್ಲಿ ಮರ ಹತ್ತುತ್ತಿದ್ದೆ. ಕತ್ತಿ ತಾಗಿಸುವಾಗ ಮನೆಯ ಸಿರಿಯನ್ನೇ ಕೊಯ್ಯುತ್ತಿದ್ದೇನೋ ಎನಿಸುತ್ತಿತ್ತು. ಮರವೇನೂ ಮುನಿಯಲಿಲ್ಲ, ಮರುವರ್ಷವೂ ಬಗ್ಗುವಷ್ಟು ಕಾಯಿ ಬಿಟ್ಟಿತು. ಒಯ್ದ ಕಡ್ಡಿಗಳು ಮಾತ್ರ ಮೊದಲ ವರ್ಷ ಎಲ್ಲವೂ ಕಪ್ಪಾದವು. ಎರಡನೆಯ ವರ್ಷವೂ ಅದೇ ಪಾಡು. ಮೂರನೆಯ ಪಂಚಮಿಯವುಗಳಲ್ಲಿ ಎರಡು ಹತ್ತಿಕೊಂಡವು. ಚಿಗುರು ಕಂಡ ದಿನ ಒಲೆಯ ಮೇಲಿನ ಸಾರು ಸೀದುಹೋಯಿತು. ಅತ್ತೆಯವರು ಬೈಯುತ್ತಲೇ ಇದ್ದರು, ನಾನು ನಗುತ್ತಲೇ ಇದ್ದೆ! ಈಗ ತೋಡೂರಿನವರು ಕಸಿಗೆ ನನ್ನನ್ನೇ ಕರೆಯುತ್ತಾರೆ. ಕೆಲವರು ಒಂದು ಸೇರು ಅಕ್ಕಿ ಕೊಡುತ್ತಾರೆ, ಕೆಲವರು ಬರೀ ನಕ್ಕು ಹೋಗುತ್ತಾರೆ.

ಈ ವರ್ಷ ಮೊದಲ ಸಲ ಒಂಬತ್ತು ಹಣ್ಣಾದವು. ಒಂದು ಹೋಳು ಬಾಯಿಗಿಟ್ಟೆ, ಕಣ್ಣು ಮುಚ್ಚಿದರೆ ನಮ್ಮ ಅಂಗಳ. ಅದೇ ರುಚಿ ಅಪ್ಪಾ, ಅದೇ. ಎರಡು ಹಣ್ಣನ್ನು ಈ ಕಾಗದದ ಜೊತೆ ಇವರ ಕೈಯಲ್ಲೇ ಕಳಿಸಿದ್ದೇನೆ. ತಿಂದು ಹೌದೋ ಅಲ್ಲವೋ ಹೇಳಿ. ಗೊರಟೆ ವಾಪಸು ಕಳಿಸುವುದು ಬೇಡ.

ಹೋದ ವರ್ಷ ಕಟ್ಟಿದ ಆರು ಗಿಡಗಳು ನೆಡಲು ಬಂದಿವೆ. ಮಳೆ ಹದವಾಗಿ ಹಿಡಿದ ಮೇಲೆ ಗಾಡಿಯಲ್ಲಿ ಕಳಿಸುತ್ತೇನೆ. ಐದು ನಿಮ್ಮವು, ಆರನೆಯದು ಜಟ್ಟಣ್ಣನದು. ಗೊರಟೆ ತರಲು ನನ್ನನ್ನು ಕಳಿಸಿದ್ದಿರಿ, ಗಿಡ ಕೊಡಲು ನೀವೇ ಹೋಗಬೇಕು. ಇದೊಂದೇ ನನ್ನ ಷರತ್ತು. ಅದಕ್ಕೆ ಮೊದಲು ಎದ್ದು ಊಟ ಮಾಡಿ, ಆರು ಗುಂಡಿ ತೆಗೆಯಲು ತೋಳಿನಲ್ಲಿ ಬಲ ಬೇಕು.

ಅಬ್ಬಾ, ಬರೆದು ಹಗುರಾದೆ. ಇಷ್ಟು ವರ್ಷ ನಿಮ್ಮ ಮುಖ ನೋಡಲು ಹೆದರುತ್ತಿದ್ದವಳು ಈ ಪಂಚಮಿಗೆ ನೆಟ್ಟಗೆ ನಿಮ್ಮ ಎದುರು ಬಂದು ಕೂರುತ್ತೇನೆ.

ನಿಮ್ಮ ಕಳ್ಳ ಮಗಳು,
ಸುಗಂಧಾ

ತಾ.ಕ.: ಏಳು ವರ್ಷದ ಹಿಂದೆ ನಿಮ್ಮ ಹೊಸ ಪಂಚೆ ಕಾಣೆಯಾಗಿ, ಪಾಪ, ಮಡಿವಾಳನನ್ನು ಬೈದಿದ್ದಿರಿ. ಅದನ್ನು ಹರಿದು, ಒದ್ದೆ ಮಾಡಿ, ಕಡ್ಡಿ ಒಣಗದಂತೆ ಸುತ್ತಿ ನನ್ನ ಟ್ರಂಕಿಗೆ ಹಾಕಿದವಳು ಅವ್ವ. ಪಂಚಮಿಯ ದಿನ ನಿಮ್ಮನ್ನು ಬೇಗ ಬೇಗ ಬನಕ್ಕೆ ಹೊರಡಿಸುತ್ತಿದ್ದವಳೂ ಅವಳೇ. “ಅವ್ರಿಗೆ ಕಾಯೂದು ಒಂದೇ ಗೊತ್ತು. ನೀ ಬೆಳೆಸೂದು ಕಲಿ” ಎಂದಿದ್ದಳು. ಅವಳನ್ನು ಬೈಯುವುದಿದ್ದರೆ ಊಟವಾದ ಮೇಲೆ ಬೈಯಿರಿ. ಬಡಿಸುವವಳು ಅವಳೇ.