ಮೆದುಳಿನ ಬ್ರೇಕು ಮತ್ತು ಮಿರ್ಚಿ ಎಣ್ಣೆ

ನನ್ನೊಂದಿಗೆ ಮಾತು ಬಿಟ್ಟು ಹರಿಹರದಲ್ಲಿ ನೆಲೆಸಿರುವ ಪರಮಪೂಜ್ಯ ಗೆಳತಿ ಶ್ರೀಮತ್ ಸುಧಾದೇವಿಯವರ ದಿವ್ಯ ಪಾದಾರವಿಂದಗಳಿಗೆ,

ಈ ಪತ್ರ ಕಳಿಸುವುದಿಲ್ಲವಾದ್ದರಿಂದ ಧೈರ್ಯವಾಗಿ ವರದಿ ಒಪ್ಪಿಸುತ್ತಿದ್ದೇನೆ. ಇವತ್ತು ನಿನ್ನ ಹರಿಹರದ ಹತ್ತಿರವೇ ಇರುವ ಕರೂರಿನ ನಮ್ಮ ಫ್ಯಾಕ್ಟರಿಯಲ್ಲಿ ಸಿಟ್ಟು ತಡೆಯುವ ತರಬೇತಿ ನಡೆಯಿತು. ಉಪನ್ಯಾಸ ಮ್ಯಾನೇಜರ್ ನಾಗಭೂಷಣ್ ಅವರದು. ಹಣೆಯ ಹಿಂದಿನ ಮೆದುಳೇ ಸಿಟ್ಟಿನ ಬ್ರೇಕಂತೆ. ಕೆಲವರಿಗೆ ಅದು ಹುಟ್ಟಿನಿಂದಲೇ ಸಡಿಲವಂತೆ, ಅಭ್ಯಾಸ ಮಾಡಿದರೆ ಬಿಗಿಯಾಗುತ್ತದಂತೆ. "ಸಿಟ್ಟು ಬಂದ್ರೆ ಹತ್ತರ ತನಕ ಎಣಿಸ್ರಿ" ಎಂದು ನಮ್ಮಿಂದ ಜೋರಾಗಿ ಎಣಿಕೆ ಮಾಡಿಸಿದರು.

ಆಮೇಲೆ ಮಂಡಕ್ಕಿ, ಮಿರ್ಚಿ ಬಂತು. ಹಂಚುತ್ತಿದ್ದವಳು ಕಸ ಗುಡಿಸುವ ಓಬವ್ವ. ಅವಳ ಕೈ ಜಾರಿ ಒಂದು ಮಿರ್ಚಿ ಸಾಹೇಬರ ಬಿಳಿ ಅಂಗಿಯ ಮೇಲೆ ಬಿತ್ತು. ಹತ್ತು ಎಣಿಸಿರೆಂದವರು ಒಂದನ್ನೂ ಎಣಿಸಲಿಲ್ಲ. "ಕಣ್ಣು ಕಾಣಲ್ವೇನೇ, ದನಾ!" ಎಂದು ಮಂಡಕ್ಕಿ ಬುಟ್ಟಿಯನ್ನೇ ಅವಳ ಮುಖಕ್ಕೆ ಎಸೆದರು.

"ತಪ್ಪಾತ್ರಿ, ಸಾಹೇಬ್ರ" ಎನ್ನುತ್ತ, ಅಳುತ್ತ ಅವಳು ನೆಲದ ಮಂಡಕ್ಕಿ ಬಾಚುತ್ತಿದ್ದಳು. ಸುತ್ತ ನಿಂತ ಗಂಡಸರೆಲ್ಲ ಹಲ್ಲು ಕಿರಿದು ನಕ್ಕರು. ಎಣ್ಣೆ ಮೆತ್ತಿದ ಆ ಬಾಯಿಗಳನ್ನು ನೋಡಿ ನನಗೆ ಅಸಹ್ಯವಾಯಿತು. ಕೈಯಲ್ಲಿದ್ದ ಮಿರ್ಚಿಯನ್ನು ಮೋರಿಗೆ ಎಸೆದೆ.

ಹೆದರಿಕೆಯಾದರೆ ನನಗೆ ನಗು ಬರುತ್ತದೆ, ಅದು ನನ್ನ ಸ್ವಭಾವ ಎಂದು ನೀನು ಮಾತು ಬಿಟ್ಟ ದಿನ ನಿನ್ನೆದುರು ಎಷ್ಟು ಗಾಂಭೀರ್ಯದಿಂದ ವಾದಿಸಿದ್ದೆ! ನೀನು, "ಸ್ವಭಾವದ ಮೇಲೆ ಹಾಕಬ್ಯಾಡ ಕಣೋ, ನಿನ್ನ ನೋಡಿದ್ರೆ ಅಸಹ್ಯ ಆಗ್ತೈತೆ" ಎಂದು ಎದ್ದು ಹೋದೆ.

ಸುಧಾ, ಇವತ್ತು ಮೊದಲು ನಕ್ಕವನು ನಾನೇ.